ಗಂಧಕವನ್ನುಂಡು ಬದುಕುವ ಜೀವಿಗಳನ್ನು ಕಂಡ ವಿನೊಗ್ರಾದ್‌ಸ್ಕಿ

ಸಿಮೆಂಟು, ಮರಳು, ಜಲ್ಲಿ, ನೀರು ಇವಿಷ್ಟನ್ನು ಬೆರೆಸಿ ಹಾಕಿದ ಕಾಂಕ್ರೀಟು ಕಲ್ಲಿಗೆ ಸಮ ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ ದೊಡ್ಡ ಪಟ್ಟಣಗಳ ಒಳಚರಂಡಿಗಳಲ್ಲಿಯೂ, ಕೊಳಚೆ ನೀರನ್ನು ಶುದ್ಧಗೊಳಿಸುವ ಸ್ಥಾವರಗಳ ಮುಚ್ಚಿದ ಕಾಲುವೆಗಳಲ್ಲಿಯೂ ಇದೇ ಕಾಂಕ್ರೀಟು ಕೆಲವು ವರ್ಷಗಳಲ್ಲಿ ಕೆರೆದರೆ ಉದುರುವಷ್ಟು ಮೆತ್ತಗಾಗುವುದುಂಟು. ವಿಚಿತ್ರವೆಂದರೆ, ಕೊಳಚೆಯಲ್ಲಿ ಸದಾ ಮುಳುಗಿರುವ ಭಾಗಕ್ಕಿಂತ ಕೊಳಚೆ ಮುಟ್ಟದ ಮೇಲ್ಭಾಗವೇ ಹೆಚ್ಚು ಸವೆಯುತ್ತದೆ. ಇದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳ ಕೆಲಸ. ಗಂಧಕವನ್ನೇ ಆಹಾರ ಮಾಡಿಕೊಂಡು ಗಂಧಕಾಮ್ಲವನ್ನು ಹೊರಬಿಡುವ ಜೀವಿಗಳೂ ಈ ಲೋಕದಲ್ಲಿವೆ ಎಂದು ಮೊದಲು ತೋರಿಸಿಕೊಟ್ಟವರು ಸೆರ್ಗೈ ವಿನೊಗ್ರಾದ್‌ಸ್ಕಿ. ಅವರ ಬಾಳಿನ ಕಥೆ ನಮ್ಮ ವಿದ್ಯಾರ್ಥಿಗಳು ತಿಳಿಯಬೇಕಾದದ್ದು.

ವಿನೊಗ್ರಾದ್‌ಸ್ಕಿ 1856ರಲ್ಲಿ ಕೀವ್ ನಗರದ ಸಿರಿವಂತ ಮನೆತನವೊಂದರಲ್ಲಿ ಜನಿಸಿದರು. ಆಗ ಆ ನಗರ ರಷ್ಯ ಸಾಮ್ರಾಜ್ಯಕ್ಕೆ ಸೇರಿತ್ತು. ಇಂದು ಅದು ಯುಕ್ರೇನಿನ ರಾಜಧಾನಿ. ಬಾಲಕನಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ತಾನು ಏನಾಗಬೇಕೆಂಬುದು ಮಾತ್ರ ಬಹುಕಾಲ ತಿಳಿಯಲಿಲ್ಲ. ಕೀವ್ ವಿಶ್ವವಿದ್ಯಾಲಯಕ್ಕೆ ಸೇರಿ, ಅಲ್ಲಿ ಮನಸ್ಸು ನಿಲ್ಲದೆ ಬಿಟ್ಟರು. ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ಸಂಗೀತಶಾಲೆಯಲ್ಲಿ ಪಿಯಾನೊ ಅಭ್ಯಾಸ ಮಾಡಿದರು. ಅದನ್ನೂ ಬಿಟ್ಟು 1877ರಲ್ಲಿ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಪ್ರಕೃತಿ ವಿಜ್ಞಾನಕ್ಕೆ ಸೇರಿದರು. ಎರಡು ದಾರಿ ಬಿಟ್ಟು ಮೂರನೆಯದನ್ನು ಹಿಡಿದ ಈ ತರುಣನನ್ನು ಕಂಡು ಹಿರಿಯರು ತಲೆಯಾಡಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ಸಲ ಹಿಡಿದ ದಾರಿಯನ್ನು ಅವರು ಮನಸಾರೆ ಒಪ್ಪಿಕೊಂಡರು.

1885ರಲ್ಲಿ ಅವರು ಸ್ಟ್ರಾಸ್‌ಬರ್ಗಿನಲ್ಲಿದ್ದ ಪ್ರಸಿದ್ಧ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ ಅವರ ಪ್ರಯೋಗಶಾಲೆಗೆ ಬಂದರು. ಅಲ್ಲಿ ಅವರ ಗಮನ ಸೆಳೆದದ್ದು ಗಂಧಕದ ಬುಗ್ಗೆಗಳಲ್ಲಿ ಬಿಳಿಯ ನೂಲಿನಂತೆ ಬೆಳೆಯುವ ಬೆಜಿಯಾಟೋವ ಎಂಬ ಬ್ಯಾಕ್ಟೀರಿಯಾ. ಅದರ ಮೈಯೊಳಗೆ ಗಂಧಕದ ಹೊಳೆಯುವ ಹನಿಗಳು ತುಂಬಿರುತ್ತವೆ. ಅದು ಬೆಳೆಯುವ ನೀರಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡ್ ಅನಿಲವಿರುತ್ತದೆ. ಈ ಅನಿಲವನ್ನು ಉಂಟುಮಾಡುವುದೇ ಆ ಬ್ಯಾಕ್ಟೀರಿಯಾ ಎಂದು ಅಂದಿನ ವಿದ್ವಾಂಸರು ತಿಳಿದಿದ್ದರು.

ವಿನೊಗ್ರಾದ್‌ಸ್ಕಿ ಆ ಮಾತನ್ನು ಹಾಗೆಯೇ ನಂಬಲಿಲ್ಲ. ಸೂಕ್ಷ್ಮದರ್ಶಕದ ಗಾಜಿನ ಮೇಲೆ ಒಂದು ಹನಿ ನೀರಿನಲ್ಲಿ ಈ ನೂಲುಗಳನ್ನಿಟ್ಟು, ಮತ್ತೆ ಮತ್ತೆ ಹೊಸ ನೀರನ್ನು ಕೊಡುತ್ತ, ದಿನಗಟ್ಟಲೆ ಎಡೆಬಿಡದೆ ನೋಡಿದರು. ಆ ಅನಿಲವಿರುವ ನೀರನ್ನು ಕೊಟ್ಟಾಗ ಮೈಯೊಳಗೆ ಗಂಧಕ ತುಂಬಿಕೊಂಡಿತು. ಅನಿಲವಿಲ್ಲದ ನೀರನ್ನು ಕೊಟ್ಟಾಗ ಗಂಧಕದ ಹನಿಗಳು ಕರಗಿ ಮಾಯವಾದವು. ಆ ಗಂಧಕ ಗಂಧಕಾಮ್ಲವಾಗಿ ಹೊರಬಿದ್ದಿತ್ತು. ಕೊನೆಗೆ ಜೀವಿ ಹಸಿವಿನಿಂದ ಸತ್ತಿತು. ಅಂದರೆ ಆ ಅನಿಲ ಅದರ ಕಸವಲ್ಲ, ಅದರ ಊಟ! ನಾವು ಅನ್ನದಿಂದ ಶಕ್ತಿ ಪಡೆಯುವಂತೆ, ಈ ಜೀವಿ ಗಂಧಕವನ್ನು ಆಮ್ಲಜನಕದೊಡನೆ ಕೂಡಿಸಿ ಶಕ್ತಿ ಪಡೆಯುತ್ತದೆ. 1887ರಲ್ಲಿ ಪ್ರಕಟವಾದ ಈ ಶೋಧ ಜೀವಶಾಸ್ತ್ರಕ್ಕೆ ಹೊಸ ಬಾಗಿಲನ್ನು ತೆರೆಯಿತು.

ಮರುವರ್ಷವೇ ಗುರು ಡಿ ಬಾರಿ ತೀರಿಕೊಂಡರು. ವಿನೊಗ್ರಾದ್‌ಸ್ಕಿ ಜ್ಯೂರಿಕ್‌ಗೆ ಹೋಗಿ ಮಣ್ಣಿನತ್ತ ಗಮನ ಹರಿಸಿದರು. ಗೊಬ್ಬರದಿಂದ ಹುಟ್ಟುವ ಅಮೋನಿಯವನ್ನು ಎರಡು ಗುಂಪಿನ ಬ್ಯಾಕ್ಟೀರಿಯಾಗಳು ಎರಡು ಹಂತಗಳಲ್ಲಿ ನೈಟ್ರೇಟ್ ಮಾಡಿ ಪೈರಿಗೆ ಒದಗಿಸುತ್ತವೆಂದು ತೋರಿಸಿದರು. ಈ ಜೀವಿಗಳು ಬೆಳಕಿನ ನೆರವಿಲ್ಲದೆ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದಲೇ ಮೈ ಬೆಳೆಸಿಕೊಳ್ಳುತ್ತವೆಂಬುದೂ ತಿಳಿದುಬಂತು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಿಂದ ಕರೆ ಬಂದರೂ ಅವರು 1891ರಲ್ಲಿ ತಾಯ್ನಾಡಿಗೆ ಮರಳಿ, ಸೇಂಟ್ ಪೀಟರ್ಸ್‌ಬರ್ಗಿನ ಹೊಸ ವೈದ್ಯಕೀಯ ಸಂಶೋಧನ ಸಂಸ್ಥೆಯಲ್ಲಿ ಕೆಲಸಕ್ಕೆ ನಿಂತರು. ಗಾಳಿಯ ಸಾರಜನಕವನ್ನು ಹಿಡಿದಿಡುವ ಒಂದು ಬ್ಯಾಕ್ಟೀರಿಯಾವನ್ನು ಅಲ್ಲಿ ಬೇರ್ಪಡಿಸಿ, ಅದಕ್ಕೆ ಪಾಶ್ಚರರ ಹೆಸರನ್ನಿಟ್ಟು ಗೌರವ ಸಲ್ಲಿಸಿದರು.

ಮುಂದೆ ಆರೋಗ್ಯ ಕೆಟ್ಟಿತು. 1905ರಲ್ಲಿ, ಐವತ್ತು ತುಂಬುವ ಮುನ್ನವೇ, ಕೆಲಸ ಬಿಟ್ಟು ಯುಕ್ರೇನಿನ ತಮ್ಮ ಜಮೀನಿಗೆ ಹೋಗಿ ನೆಲೆಸಿದರು. ಸಂಶೋಧನೆಯ ಜೀವನ ಮುಗಿಯಿತೆಂದೇ ತೋರಿತು. ಆದರೆ 1917ರಲ್ಲಿ ಕ್ರಾಂತಿಯಾಯಿತು. ಅದರ ಹಿಂದೆಯೇ ಅಂತರ್ಯುದ್ಧವೂ ಬಂತು. ಆಸ್ತಿ ಹೋಯಿತು. 1920ರಲ್ಲಿ ಅವರು ದೇಶವನ್ನೇ ಬಿಟ್ಟು ಹೊರಟಾಗ ವಯಸ್ಸು ಅರವತ್ತು ದಾಟಿತ್ತು. ಬೆಲ್‌ಗ್ರೇಡಿನಲ್ಲಿ ಅಧ್ಯಾಪಕರಾಗಿದ್ದಾಗ, 1922ರಲ್ಲಿ ಪಾಶ್ಚರ್ ಸಂಸ್ಥೆಯಿಂದ ಮತ್ತೊಮ್ಮೆ ಕರೆ ಬಂತು. ಈ ಸಲ ಅವರು ಒಪ್ಪಿದರು. ಪ್ಯಾರಿಸಿನ ಸಮೀಪದ ಬ್ರಿ-ಕೋಂತ್-ರೋಬೇರ್ ಎಂಬ ಊರಿನಲ್ಲಿ, ಇತರರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ, ಮಣ್ಣಿನ ಜೀವಿಗಳ ಅಧ್ಯಯನವನ್ನು ಹೊಸದಾಗಿ ಆರಂಭಿಸಿ 1940ರವರೆಗೂ ನಡೆಸಿದರು. ಅವರ ಮಗಳೂ ಅಲ್ಲಿ ಸಂಶೋಧನೆಯಲ್ಲಿ ತೊಡಗಿದ್ದರು. ಐವತ್ತು ವರ್ಷಗಳ ದುಡಿಮೆಯ ಫಲವನ್ನು ಒಂದು ದೊಡ್ಡ ಗ್ರಂಥವಾಗಿ 1949ರಲ್ಲಿ ಹೊರತಂದರು. 1953ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ, ಅದೇ ಊರಿನಲ್ಲಿ ತೀರಿಕೊಂಡರು.

ಇನ್ನು ಚರಂಡಿಯ ಮಾತಿಗೆ ಬರೋಣ. ಕೊಳವೆಯ ತಳದ ಲೋಳೆಯಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿ ವಾಸಿಸುವ ಒಂದು ಜಾತಿಯ ಬ್ಯಾಕ್ಟೀರಿಯಾಗಳು ಕೊಳಚೆಯಲ್ಲಿರುವ ಸಲ್ಫೇಟುಗಳಿಂದ ಹೈಡ್ರೊಜನ್ ಸಲ್ಫೈಡನ್ನು ತಯಾರಿಸುತ್ತವೆ. ಇಂಥ ಜೀವಿಯನ್ನು 1895ರಲ್ಲಿ ಹಾಲೆಂಡಿನ ಬೈಯರಿಂಕ್ ಗುರುತಿಸಿದರು. ಈ ಅನಿಲ ಮೇಲೇರಿ ಒದ್ದೆಯಾದ ಮೇಲ್ಭಾಗವನ್ನು ಸೇರುತ್ತದೆ. ಅಲ್ಲಿ ಗಾಳಿಯೂ ಇದೆ, ತೇವವೂ ಇದೆ. ಗಂಧಕವನ್ನುಂಡು ಬದುಕುವ ಬೇರೆ ಬ್ಯಾಕ್ಟೀರಿಯಾಗಳು ಅಲ್ಲಿ ನೆಲೆಸಿ, ಅದನ್ನು ಗಂಧಕಾಮ್ಲವಾಗಿಸುತ್ತವೆ. ಆಮ್ಲವು ಸಿಮೆಂಟಿನಲ್ಲಿರುವ ಸುಣ್ಣದೊಡನೆ ಸೇರಿ ಜಿಪ್ಸಂ ಆಗುತ್ತದೆ. ನಾವು ಕರಿಹಲಗೆಯ ಮೇಲೆ ಬರೆಯುವ ಬಹುಪಾಲು ಸೀಮೆಸುಣ್ಣವೂ ಜಿಪ್ಸಮ್ಮಿನದೇ. ಕಲ್ಲಿನಂಥ ಗೋಡೆ ಸೀಮೆಸುಣ್ಣವಾದರೆ ನಿಲ್ಲುವುದು ಹೇಗೆ?

ಈ ಕೆಲಸ ಮಾಡುವುದು ವಿನೊಗ್ರಾದ್‌ಸ್ಕಿ ಕಂಡ ಬೆಜಿಯಾಟೋವವಲ್ಲ. ಅದೇ ರೀತಿ ಬಾಳುವ, ಆಮ್ಲದಲ್ಲಿಯೇ ಹಿಗ್ಗುವ ಬೇರೆ ಜಾತಿಗಳು. ಅವುಗಳಲ್ಲಿ ಮುಖ್ಯವಾದ ಒಂದನ್ನು ಅಮೆರಿಕದಲ್ಲಿ ವಾಕ್ಸ್‌ಮನ್ ಮತ್ತು ಜಾಫೆ 1922ರಲ್ಲಿ ವರ್ಣಿಸಿದರು. ಈ ವಾಕ್ಸ್‌ಮನ್ನರೇ ಮುಂದೆ ವಿನೊಗ್ರಾದ್‌ಸ್ಕಿಯವರ ಜೀವನಚರಿತ್ರೆಯನ್ನು ಬರೆದವರು. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಪಾರ್ಕರ್ ಎಂಬವರು ಸವೆದ ಕಾಂಕ್ರೀಟಿನಿಂದಲೇ ಇಂಥ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ 1945ರಲ್ಲಿ ಪ್ರಕಟಿಸಿದರು. ಕಾರಣ ತಿಳಿದ ಮೇಲೆ ಉಪಾಯಗಳೂ ತಿಳಿದವು. ಕೊಳಚೆ ಒಂದೆಡೆ ನಿಂತು ಕೊಳೆಯದಂತೆ ಹರಿಸುವುದು, ಗಾಳಿಯಾಡುವಂತೆ ಮಾಡುವುದು, ಕಬ್ಬಿಣದ ಲವಣಗಳನ್ನು ಬೆರೆಸಿ ಸಲ್ಫೈಡನ್ನು ಕಟ್ಟಿಹಾಕುವುದು, ಗೋಡೆಗೆ ಪ್ಲಾಸ್ಟಿಕ್ ಹೊದಿಕೆ ಹಾಕುವುದು ಇವು ಕೆಲವು.

ಇಲ್ಲಿ ಗೋಡೆಯೊಂದೇ ಅಲ್ಲ, ಮನುಷ್ಯನ ಪ್ರಾಣವೂ ಇದೆ. ಕಾಂಕ್ರೀಟನ್ನು ಕೆಡಿಸುವ ಆಮ್ಲಕ್ಕೆ ಮೂಲವಾದ ಅನಿಲವೇ ಮ್ಯಾನ್‌ಹೋಲಿಗೆ ಇಳಿದವರನ್ನು ಕೊಲ್ಲುವ ಅನಿಲಗಳಲ್ಲಿ ಒಂದು. ಅದು ಹೆಚ್ಚಾದಾಗ ಮೂಗಿಗೆ ವಾಸನೆ ತಿಳಿಯುವ ಶಕ್ತಿಯೇ ಹೋಗುತ್ತದೆ. ವಾಸನೆಯಿಲ್ಲವೆಂದು ಧೈರ್ಯವಾಗಿ ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದವನಿಗೂ ಅದೇ ಗತಿ. ಇದನ್ನು ನಮ್ಮ ಮಕ್ಕಳು ನೆನಪಿನಲ್ಲಿಡಬೇಕು, ಮನೆಯವರಿಗೂ ಹೇಳಬೇಕು.

ಸ್ಟ್ರಾಸ್‌ಬರ್ಗಿನಲ್ಲಿ ಒಂದು ಹನಿ ನೀರನ್ನು ನೋಡುತ್ತ ಕುಳಿತ ವಿನೊಗ್ರಾದ್‌ಸ್ಕಿಗೆ ಚರಂಡಿಯ ಚಿಂತೆ ಇರಲಿಲ್ಲ. ಈ ಜೀವಿ ಏನನ್ನು ತಿಂದು ಬದುಕುತ್ತದೆ ಎಂಬ ಒಂದೇ ಪ್ರಶ್ನೆ ಅವರ ಮುಂದಿತ್ತು. ಅದರಿಂದ ಏನು ಲಾಭ ಎಂದು ಕೇಳಿ ಅವರು ಎದ್ದು ಹೋಗಿದ್ದರೆ, ಮುಂದಿನವರಿಗೆ ದಾರಿ ಕಾಣಲು ಇನ್ನಷ್ಟು ಕಾಲ ಹಿಡಿಯುತ್ತಿತ್ತು. ತಮ್ಮ ಶೋಧಗಳನ್ನು ಅವರು ರಷ್ಯನ್, ಜರ್ಮನ್, ಫ್ರೆಂಚ್ ಮೂರರಲ್ಲೂ ಬರೆದರು. ಎರಡು ಮೂರು ಭಾಷೆಗಳ ನಡುವೆ ಓದುವ ನಮ್ಮ ಗಡಿನಾಡಿನ ಮಕ್ಕಳಿಗೆ ಅದು ಹೊರೆಯಲ್ಲ, ಆಸ್ತಿ ಎಂಬುದಕ್ಕೂ ಅವರೇ ನಿದರ್ಶನ.

ವಿನೊಗ್ರಾದ್‌ಸ್ಕಿಯವರ ಹೆಸರಿನ ಒಂದು ಪ್ರಯೋಗವನ್ನು ನಮ್ಮ ಶಾಲೆಯಲ್ಲಿಯೂ ಮಾಡಬಹುದು. ಉದ್ದನೆಯ ಗಾಜಿನ ಸೀಸೆಯಲ್ಲಿ ಕೆರೆಯ ಕೆಸರು, ಹರಿದ ಕಾಗದದ ಚೂರು, ಸ್ವಲ್ಪ ಮೊಟ್ಟೆಯ ಹಳದಿ ಇವನ್ನು ಬೆರೆಸಿ, ಮೇಲೆ ಕೆರೆಯ ನೀರು ಹಾಕಿ ಸಡಿಲವಾಗಿ ಮುಚ್ಚಿ, ಬೆಳಕು ಬೀಳುವ ಕಿಟಕಿಯಲ್ಲಿಡಬೇಕು. ಕೆಲವು ವಾರಗಳಲ್ಲಿ ಕಪ್ಪು, ಹಸಿರು, ಕೆನ್ನೇರಳೆ ಪಟ್ಟೆಗಳು ಒಂದರ ಮೇಲೊಂದು ಮೂಡುತ್ತವೆ. ಅಲುಗಿಸಬಾರದು, ಅವಸರಪಡಬಾರದು. ದಿನಕ್ಕೊಮ್ಮೆ ನೋಡಿ, ಕಂಡದ್ದನ್ನು ಬರೆದಿಡಬೇಕು. ಅವರು ಮಾಡಿದ್ದೂ ಅದನ್ನೇ.