ಜಾಲದ ನಂಬರುಗಳ ಲೆಕ್ಕ ಇಟ್ಟ ಜಾನ್ ಪೋಸ್ಟೆಲ್

ಒಂದು ಮೇಲ್ ಸರ್ವರ್‌ನಿಂದ ಇನ್ನೊಂದಕ್ಕೆ ಇ-ಮೇಲ್ ಹೋಗುವುದು 25ನೇ ನಂಬರಿನ ಪೋರ್ಟ್ ಮೂಲಕ. ಕಾಸರಗೋಡಿನಲ್ಲೂ ಅಷ್ಟೇ, ಕ್ಯಾಲಿಫೋರ್ನಿಯಾದಲ್ಲೂ ಅಷ್ಟೇ. ಸಾಫ್ಟ್‌ವೇರ್ ಯಾರೇ ಬರೆದಿರಲಿ, ಅದರ ಕೈಪಿಡಿಯಲ್ಲಿ ಈ ಅಂಕಿ ಬದಲಾಗುವುದಿಲ್ಲ. ಇಂಥ ಅಂಕಿಗಳ ಲೆಕ್ಕವನ್ನು ಕಾಲು ಶತಮಾನ ಇಟ್ಟವರು ಜಾನ್ ಪೋಸ್ಟೆಲ್.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅವರು ಓದುತ್ತಿದ್ದ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯಕ್ಕೇ 1969ರಲ್ಲಿ ಇಂಟರ್‌ನೆಟ್‌ನ ಪೂರ್ವಜವಾದ ಅರ್ಪಾನೆಟ್‌ನ ಮೊದಲ ಜೋಡಣೆ ಬಂತು. ಆಗ ಒಂದೊಂದು ಕಡೆಯ ಕಂಪ್ಯೂಟರ್ ಒಂದೊಂದು ಬಗೆಯದು. ಅವನ್ನು ಜೋಡಿಸುವುದು ಹೇಗೆಂದು ವಿದ್ಯಾರ್ಥಿಗಳೇ ಟಿಪ್ಪಣಿ ಬರೆದು ಹಂಚಿಕೊಂಡರು. ಅವೇ ಆರ್‌ಎಫ್‌ಸಿಗಳು. ಮೊದಲನೆಯದನ್ನು ಬರೆದವರು ಸ್ಟೀವ್ ಕ್ರಾಕರ್. ಅವನ್ನು ತಿದ್ದಿ, ನಂಬರ್ ಕೊಟ್ಟು ಕಾಪಾಡುವ ಹೊಣೆ ಪೋಸ್ಟೆಲ್ ಹೆಗಲಿಗೆ ಬಿತ್ತು. ಸಾಯುವವರೆಗೂ ಅವರು ಅದನ್ನು ಇಳಿಸಲಿಲ್ಲ.

ನೋಡುವವರಿಗೆ ಗುಮಾಸ್ತನ ಕೆಲಸ. ಆದರೆ ಜಾಲ ನಿಂತದ್ದೇ ಅದರ ಮೇಲೆ. ಒಮ್ಮೆ ಹೊರಬಂದ ಆರ್‌ಎಫ್‌ಸಿಯಲ್ಲಿ ಒಂದಕ್ಷರವನ್ನೂ ಬದಲಿಸುವಂತಿರಲಿಲ್ಲ. ಬದಲಾವಣೆ ಬೇಕಾದರೆ ಹೊಸ ನಂಬರಿನಲ್ಲಿ ಹೊಸ ದಾಖಲೆ. ಹಳೆಯದು ಯಾವುದು ರದ್ದಾಯಿತೆಂಬುದು ಅದರ ತಲೆಯಲ್ಲೇ ನಮೂದು. ಜಮೀನಿನ ಹಳೆ ಪತ್ರದ ಮೇಲೆ ಗೀಚದೆ ಹೊಸ ಪತ್ರ ಮಾಡಿಸಿದ ಹಾಗೆ. ಇಬ್ಬರು ಎರಡು ದೇಶದಲ್ಲಿ ಕುಳಿತು 793 ಎಂದರೆ ಇಬ್ಬರ ಕೈಯಲ್ಲೂ ಒಂದೇ ಪಾಠ. ಬರೆಯುವವರಿಗೆ ಅವರು 1993ರಲ್ಲಿ ಹೊರತಂದ ಸೂಚನೆಗಳೂ ಒಂದು ಆರ್‌ಎಫ್‌ಸಿಯೇ: ಸಾಲಿಗೆ 72 ಅಕ್ಷರ, ಪುಟಕ್ಕೆ 58 ಸಾಲು. ನಕ್ಷೆಗಳೂ ಟೈಪ್ ಅಕ್ಷರಗಳಲ್ಲೇ. ಚಂದ ಕಡಿಮೆ, ನಿಜ. ಆದರೆ ಎಂಥ ಹಳೆಯ ಯಂತ್ರದಲ್ಲೂ ಓದಬಹುದಿತ್ತು.

ಇಂದಿನ ಇಂಟರ್‌ನೆಟ್‌ನ ಬುಡವಾದ ಐಪಿ ಮತ್ತು ಟಿಸಿಪಿ ನಿಯಮಗಳನ್ನು 1981ರಲ್ಲಿ ಸಂಪಾದಿಸಿದವರು ಅವರೇ. 1983ರ ಜನವರಿ 1ರಂದು ಅರ್ಪಾನೆಟ್ ಹಳೆಯ ನಿಯಮ ಬಿಟ್ಟು ಇವಕ್ಕೆ ಬದಲಾಯಿತು. ಆ ಬದಲಾವಣೆಯ ಯೋಜನೆ ಬರೆದದ್ದೂ ಅವರೇ. ದಾಖಲೆಗಳು ಎಲ್ಲರಿಗೂ ತೆರೆದಿದ್ದವು. ಬರ್ಕ್ಲಿ ಯುನಿಕ್ಸ್‌ನವರೂ, 1991ರಲ್ಲಿ ಹುಟ್ಟಿದ ಲಿನಕ್ಸ್‌ನವರೂ ಅದೇ ನಿಯಮ ನೋಡಿ ತಮ್ಮ ತಮ್ಮ ಸಾಫ್ಟ್‌ವೇರ್ ಬರೆದರು. ಎರಡೂ ಒಂದಕ್ಕೊಂದು ಮಾತಾಡಿದವು.

ಇಷ್ಟೆಲ್ಲ ಒಬ್ಬರ ಕೈಯಲ್ಲಿದ್ದದ್ದು ಸರಿಯೇ ಎಂಬ ಪ್ರಶ್ನೆ 1998ರ ಜನವರಿಯಲ್ಲಿ ಎದ್ದಿತು. ಜಾಲದ ಹೆಸರುಗಳ ಮೂಲಪಟ್ಟಿಯನ್ನು ತಮ್ಮ ಕಂಪ್ಯೂಟರಿನಿಂದ ಪಡೆಯುವಂತೆ ಅವರು ಕೆಲವು ಸರ್ವರ್ ನಿರ್ವಾಹಕರಿಗೆ ಹೇಳಿದರು. 12ರಲ್ಲಿ 8 ಸರ್ವರ್‌ಗಳು ಹಾಗೇ ಮಾಡಿದವು. ಅಮೆರಿಕ ಸರ್ಕಾರ ಆಕ್ಷೇಪಿಸಿತು. ಅದು ಪರೀಕ್ಷೆ ಎಂದು ಪೋಸ್ಟೆಲ್ ವಿವರಿಸಿ, ಮೊದಲಿನಂತೆ ಮಾಡಿಸಿದರು. ತಮ್ಮ ನಂತರ ಆ ಹೊಣೆ ಹೊರಲು ಐಕ್ಯಾನ್ ಎಂಬ ಸಂಸ್ಥೆ ಕಟ್ಟುವುದರಲ್ಲೂ ಅವರು ದುಡಿದರು. ಅದು ಹುಟ್ಟಿ ಕೆಲವೇ ವಾರಗಳಾಗಿದ್ದವು. ಅಕ್ಟೋಬರ್ 16ರಂದು, ಹೃದಯ ಶಸ್ತ್ರಚಿಕಿತ್ಸೆಯ ಬಳಿಕ, 55ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಳೆಯ ಗೆಳೆಯ ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿ ಅದೇ ತಿಂಗಳು ಪ್ರಕಟವಾಯಿತು. ಅದಕ್ಕೂ ಒಂದು ನಂಬರ್ ಬಿತ್ತು: ಆರ್‌ಎಫ್‌ಸಿ 2468.