ನೆಲವಿಲ್ಲದವರಿಗೆ ನೆಲೆ ಅರಸಿದ ಕುದ್ಮುಲ್ ರಂಗರಾಯರು



ಜೂನ್ ತಿಂಗಳ 29ನೆಯ ದಿನವನ್ನು ಧರ್ಮಸಭೆಯು ಸಂತ ಪೇತ್ರ ಹಾಗೂ ಸಂತ ಪೌಲರ ಮಹೋತ್ಸವವನ್ನಾಗಿ ಆಚರಿಸುತ್ತದೆ. 1859ರ ಅದೇ ದಿನ, ಇಂದು ಕೇರಳ ರಾಜ್ಯಕ್ಕೆ ಸೇರಿರುವ ಕಾಸರಗೋಡಿನ ಸೀಮೆಯಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನವೊಂದರಲ್ಲಿ ಕುದ್ಮುಲ್ ರಂಗರಾಯರು ಜನಿಸಿದರು. ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ, ಬ್ರಹ್ಮಸಮಾಜದವರು. ಆದರೂ ಈ ವಾರ ಅವರ ಬದುಕನ್ನು ಸ್ಮರಿಸಲು ನಮಗೊಂದು ಕಾರಣವುಂಟು. ಅದನ್ನೇ ಮೊದಲು ಅರಿಕೆ ಮಾಡಿಕೊಳ್ಳುತ್ತೇವೆ.

ಬೆಂಗಳೂರಿನ ಪಶ್ಚಿಮ ಭಾಗದ ನಮ್ಮ ಅನ್ನಪೂರ್ಣೇಶ್ವರಿ ನಗರದಲ್ಲಿ ಮನೆ ಏಳದ ಖಾಲಿ ನಿವೇಶನಗಳು ಅಲ್ಲಲ್ಲಿ ಉಳಿದಿವೆ. ಅಂಥದೊಂದು ನಿವೇಶನದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು, ಮೇಲೆ ಟಾರ್ಪಾಲು ಹೊದಿಸಿಕೊಂಡು, ಉತ್ತರ ಕರ್ನಾಟಕದಿಂದ ಗಾರೆ ಕೆಲಸಕ್ಕೆಂದು ಬಂದ ಕೆಲವು ಕುಟುಂಬಗಳು ವಾಸವಾಗಿದ್ದವು. ಒಂದು ವರ್ಷ ಕ್ರಿಸ್ಮಸ್ ಹಬ್ಬಕ್ಕೆ ಮುನ್ನ ಧರ್ಮಕೇಂದ್ರದ ಯುವಜನರೊಡನೆ ನಾವು ಅಲ್ಲಿಗೆ ಹೋಗಿ, ಕಂಬಳಿಗಳನ್ನು ಹಂಚಿ, ಕರ್ತವ್ಯ ಮಾಡಿದೆವೆಂಬ ಸಮಾಧಾನದಿಂದ ಹಿಂದಿರುಗಿದೆವು. ಜನವರಿ ಕಳೆಯುವುದರೊಳಗೆ ನಿವೇಶನದ ಮಾಲೀಕರು ಪಾಯ ತೋಡಿಸಲು ಬಂದರು. ಕುಟುಂಬಗಳು ಅದೇ ಕಂಬಳಿಗಳಲ್ಲಿ ಪಾತ್ರೆಪಡಗಗಳನ್ನು ಗಂಟು ಕಟ್ಟಿಕೊಂಡು ಎಲ್ಲಿಗೋ ಹೊರಟುಹೋದವು. ಎಲ್ಲಿಗೆಂದು ನಮಗೆ ಇಂದಿಗೂ ತಿಳಿಯದು. ತನ್ನ ನೆಲದಲ್ಲಿ ತಾನು ಮನೆ ಕಟ್ಟಿಕೊಂಡವನನ್ನು ದೂಷಿಸುವಂತಿಲ್ಲ. ದೋಷ ನಮ್ಮದು. ಅವರ ಚಳಿಯನ್ನು ವಿಚಾರಿಸಿದ ನಾವು, ಅವರು ಯಾರ ನೆಲದ ಮೇಲೆ ಮಲಗುತ್ತಿದ್ದಾರೆಂದು ವಿಚಾರಿಸಿರಲಿಲ್ಲ. ರಂಗರಾಯರು ನಮಗೆ ನೆನಪಾದದ್ದು ಆಗಲೇ. ನಾವು ಕೇಳದೆ ಬಿಟ್ಟ ಆ ಪ್ರಶ್ನೆಯನ್ನು ಅವರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕೇಳಿದ್ದರು.

ಹದಿಹರೆಯದಲ್ಲಿಯೇ ತಂದೆಯನ್ನು ಕಳೆದುಕೊಂಡ ರಂಗರಾಯರು ಜೀವನೋಪಾಯವನ್ನರಸಿ ಮಂಗಳೂರಿಗೆ ಬಂದರು. ಕೆಲಕಾಲ ಶಾಲಾ ಶಿಕ್ಷಕರಾಗಿದ್ದು, ಅನಂತರ ವಕೀಲರಾದರು. ಬಡವರ ಪರವಾಗಿ ವಾದಿಸುವ ಪ್ರಾಮಾಣಿಕ ವಕೀಲರೆಂಬ ಹೆಸರು ಅವರಿಗೆ ಬಂದಿತು.

ಆ ಕಾಲದ ಮಂಗಳೂರು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಜಾಗೃತ ಪಟ್ಟಣ. 1834ರಲ್ಲಿ ಬಂದ ಬಾಸೆಲ್ ಮಿಶನ್ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದಿತ್ತು. 1870ರಲ್ಲಿ ಬ್ರಹ್ಮಸಮಾಜ ಅಲ್ಲಿ ನೆಲೆಗೊಂಡಿತ್ತು. 1880ರಲ್ಲಿ ಯೇಸುಸಭೆಯವರು ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. 1890ರಲ್ಲಿ ಫಾದರ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮವನ್ನು ಕಟ್ಟಿದರು. ಇಷ್ಟೆಲ್ಲ ಬೆಳಕಿದ್ದ ಊರಿನ ಅಂಚಿನಲ್ಲಿಯೇ, ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟ ಜನರು ಧಣಿಗಳ ಜಮೀನಿನ ಮೂಲೆಗಳಲ್ಲಿ ಸೊಪ್ಪು ಮತ್ತು ಹುಲ್ಲಿನ ಗುಡಿಸಲುಗಳಲ್ಲಿ ಬದುಕುತ್ತಿದ್ದರು.

ಇಲ್ಲೊಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. 1843ರ ಶಾಸನವು ಭಾರತದಲ್ಲಿ ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತ್ತು. ಕಾಗದದ ಮೇಲೆ ಮನುಷ್ಯ ಸ್ವತಂತ್ರನಾದ. ಆದರೆ ಅವನ ಗುಡಿಸಲು ನಿಂತಿದ್ದ ನೆಲ ಧಣಿಯದಾಗಿಯೇ ಉಳಿಯಿತು. ಕೂಲಿ ಸಾಲದೆಂದು ಹೇಳಿದರೆ ಗುಡಿಸಲು ಹೋಯಿತು. ಮಗನನ್ನು ಶಾಲೆಗೆ ಕಳುಹಿಸಿದರೂ ಅದೇ ಭಯ. ಕಾಲೂರಲು ನೆಲವಿಲ್ಲದವನಿಗೆ ದೊರೆತ ಸ್ವಾತಂತ್ರ್ಯವು ತತ್ತ್ವಶಾಸ್ತ್ರದ ಭಾಷೆಯಲ್ಲಿ ಕೇವಲ ಸಂಭಾವ್ಯತೆ, ವಾಸ್ತವವಲ್ಲ.

1891ರಲ್ಲಿ ವಿಶ್ವಗುರು ಹದಿಮೂರನೆಯ ಲಿಯೋ ಅವರು ಕಾರ್ಮಿಕರನ್ನು ಕುರಿತ ತಮ್ಮ ಪ್ರಸಿದ್ಧ ಪರಿಪತ್ರದಲ್ಲಿ, ದುಡಿಯುವವನೂ ತನ್ನದೆಂಬ ಆಸ್ತಿಯನ್ನು ಹೊಂದುವಂತಾಗಬೇಕೆಂದು ಬೋಧಿಸಿದರು. ಅದೇ ವರ್ಷ ಚೆಂಗಲ್ಪಟ್ಟು ಜಿಲ್ಲೆಯ ಕಲೆಕ್ಟರ್ ಟ್ರೆಮೆನ್‌ಹೀರ್ ಅವರು ಅಲ್ಲಿನ ಪರಯರ ದುಸ್ಥಿತಿಯನ್ನು ವಿವರಿಸಿ, ಅವರಿಗೆ ಸರ್ಕಾರಿ ನೆಲ ಕೊಡಬೇಕೆಂದು ಮದ್ರಾಸ್ ಸರ್ಕಾರಕ್ಕೆ ವರದಿ ಒಪ್ಪಿಸಿದರು. ಮರುವರ್ಷವೇ, 1892ರಲ್ಲಿ, ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಉಚಿತ ಶಾಲೆಯೊಂದನ್ನು ತೆರೆದರು. ಈ ಮೂವರೂ ಪರಸ್ಪರ ಪರಿಚಿತರಲ್ಲ. ಆದರೂ ಒಂದೇ ಗಾಯದ ಮೇಲೆ ಮೂವರ ದೃಷ್ಟಿಯೂ ಒಂದೇ ಕಾಲಕ್ಕೆ ಬಿದ್ದುದು ನಮಗೆ ಆಕಸ್ಮಿಕವೆಂದು ತೋರುವುದಿಲ್ಲ.

ಶಾಲೆಗೆ ಬಂದ ವಿರೋಧ ಅಲ್ಪವಾಗಿರಲಿಲ್ಲ. ರಂಗರಾಯರ ಸ್ವಂತ ಸಮಾಜವೇ ಅವರಿಗೆ ಬಹಿಷ್ಕಾರ ಹಾಕಿತು. ಬಂಧುಗಳು ದೂರವಾದರು. ಸುಖವಾಗಿ ನಡೆಯಬಹುದಾಗಿದ್ದ ವಕೀಲಿ ವೃತ್ತಿಯೂ ಹಿಂದೆ ಬಿದ್ದಿತು. ಆದರೂ ಅವರು ಹಿಂಜರಿಯಲಿಲ್ಲ. ಒಂದು ಶಾಲೆ ಹಲವಾಯಿತು. ಹಸಿದ ಹೊಟ್ಟೆಗೆ ಅಕ್ಷರ ಹತ್ತದೆಂಬುದನ್ನು ಕಂಡುಕೊಂಡು, ಸರ್ಕಾರಗಳು ಬಿಸಿಯೂಟವನ್ನು ಕುರಿತು ಯೋಚಿಸುವುದಕ್ಕೆ ಬಹಳ ಹಿಂದೆಯೇ, ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಏರ್ಪಡಿಸಿದರು.

1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮಹಾರಾಷ್ಟ್ರದ ವಿಠ್ಠಲ ರಾಮ್‌ಜಿ ಶಿಂದೆಯವರು ಮುಂಬಯಿಯಲ್ಲಿ ಇದೇ ಧ್ಯೇಯದ ಸಂಸ್ಥೆಯನ್ನು ಆರಂಭಿಸಿದ್ದು 1906ರಲ್ಲಿ, ಅಂದರೆ ಒಂಬತ್ತು ವರ್ಷಗಳ ಅನಂತರ. ರಂಗರಾಯರ ಮಿಶನ್ ವಿದ್ಯೆ, ವಸತಿ, ಉದ್ಯೋಗ ಎಂಬ ಮೂರು ಕಂಬಗಳ ಮೇಲೆ ನಿಂತಿತು. ಒಂದು ಕಂಬವನ್ನು ತೆಗೆದರೆ ಉಳಿದೆರಡೂ ಬೀಳುತ್ತವೆಂಬುದನ್ನು ಅವರು ಅನುಭವದಿಂದ ಅರಿತಿದ್ದರು. ಮನೆಯೇ ಇಲ್ಲದ ಮಗು ಶಾಲೆಗೆ ಎಷ್ಟು ದಿನ ಬರಬಲ್ಲದು? ಧಣಿ ಎಬ್ಬಿಸಿದ ದಿನ ಅದರ ಓದೂ ಮುಗಿಯಿತು. ಆದ್ದರಿಂದ ಅವರು ಸರ್ಕಾರದಿಂದ ನೆಲವನ್ನು ಕೇಳಿ ಪಡೆದು, ದಲಿತ ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳಲು ಹಂಚಿದರು. ಕೊಡಿಯಾಲ್‌ಬೈಲಿನ ಶೇಡಿಗುಡ್ಡೆ ಮಿಶನ್ನಿನ ಕೇಂದ್ರವಾಯಿತು. ಅಲ್ಲಿ ವಿದ್ಯಾರ್ಥಿನಿಲಯ ತಲೆಯೆತ್ತಿತು. ನೇಯ್ಗೆ, ಮರಗೆಲಸ ಮುಂತಾದ ಕಸುಬುಗಳ ತರಬೇತಿ ನಡೆಯಿತು. ದಿಕ್ಕಿಲ್ಲದ ಸ್ತ್ರೀಯರಿಗೂ ಆಶ್ರಯ ದೊರೆಯಿತು. ದಲಿತರದೇ ಸಹಕಾರ ಸಂಘಗಳು ಹುಟ್ಟಿಕೊಂಡವು.

ಸಹಕಾರ ಸಂಘವೆಂದೊಡನೆ ಅದು ಶುಷ್ಕ ಲೆಕ್ಕಪತ್ರದ ಮಾತೆಂದು ವಾಚಕರು ಭಾವಿಸದಿರಲಿ. ಸರ್ಕಾರವು ಒಬ್ಬನಿಗೆ ತುಂಡು ನೆಲ ಕೊಟ್ಟಿತೆನ್ನೋಣ. ಕಂಬ, ಹೆಂಚು, ಗೋಡೆಗೆ ಹಣ ಬೇಕು. ಅದನ್ನು ಅವನು ಹಳೆಯ ಧಣಿಯಿಂದಲೇ ಸಾಲ ತಂದರೆ ಬಿಟ್ಟ ಹಗ್ಗಕ್ಕೆ ಮತ್ತೆ ಕೊರಳೊಡ್ಡಿದಂತಾಗುತ್ತದೆ. ನಾಲ್ಕಾರು ಮನೆಯವರು ಕಾಸು ಕಾಸು ಕೂಡಿಸಿ, ತಮ್ಮಲ್ಲೇ ಸಾಲ ಕೊಟ್ಟು ತೆಗೆದುಕೊಳ್ಳುವುದಾದರೆ, ಮನೆಯ ಜೊತೆಗೆ ಅವರ ಮಾನವೂ ಉಳಿಯುತ್ತದೆ. ಹೀಗೆ ನೆಲ ಕೊಡಲು ಸರ್ಕಾರ ಬೇಕಾಯಿತು, ಅರ್ಜಿ ಬರೆಯಲು ವಕೀಲ ಬೇಕಾಯಿತು, ಧನಸಹಾಯಕ್ಕೆ ದಾನಿಗಳು ಬೇಕಾದರು, ಮನೆ ಕಟ್ಟಿ ಊರು ಮಾಡಲು ಆ ಜನರೇ ಬೇಕಾದರು. ಹತ್ತು ಕೈ ಕೂಡಿದಲ್ಲಿ ಒಂದು ಸೂರು ಎದ್ದಿತು. ರಂಗರಾಯರ ಹಿರಿಮೆ ತಾವೊಬ್ಬರೇ ಎಲ್ಲವನ್ನೂ ಮಾಡಿದುದರಲ್ಲಿಲ್ಲ, ಒಟ್ಟಿಗೆ ಕೂರಲೊಲ್ಲದವರನ್ನು ಒಂದೇ ಕೆಲಸಕ್ಕೆ ಹಚ್ಚಿದುದರಲ್ಲಿದೆ.

ಇನ್ನೊಂದು ಮಾತನ್ನು ಕ್ರೈಸ್ತರಾದ ನಾವು ವಿನಯದಿಂದ ಒಪ್ಪಿಕೊಳ್ಳಬೇಕು. ಆ ಕಾಲದಲ್ಲಿ ಮತಾಂತರಗೊಂಡವನನ್ನು ಅವನ ಊರು ಹೊರಹಾಕುತ್ತಿದ್ದುದರಿಂದ, ಮಿಶನರಿಗಳು ಅಂಥವರಿಗೆ ಮನೆ ಮತ್ತು ಕೆಲಸವನ್ನು ಒದಗಿಸಿದರು. ಅದು ದೊಡ್ಡ ಸೇವೆಯೇ ಸರಿ. ಆದರೆ ರಂಗರಾಯರು ಸೂರು ಕೊಡುವಾಗ ಯಾವ ವಿಶ್ವಾಸವನ್ನೂ ಪ್ರತಿಯಾಗಿ ನಿರೀಕ್ಷಿಸಲಿಲ್ಲ. ಮನುಷ್ಯನಾಗಿರುವುದೇ ಮನೆಗೆ ಸಾಕಾದ ಅರ್ಹತೆಯೆಂಬಂತೆ ನಡೆದುಕೊಂಡರು. ಭೂಮಿಯ ಸಂಪತ್ತನ್ನು ದೇವರು ಸಕಲರ ಪೋಷಣೆಗಾಗಿ ಇತ್ತಿದ್ದಾನೆ, ಇರುವವನು ಅದನ್ನು ಇಲ್ಲದವನೊಡನೆ ಹಂಚಿಕೊಳ್ಳಲು ಸಿದ್ಧನಿರಬೇಕು ಎಂಬುದು ಸಂತ ತೋಮಸ್ ಅಕ್ವಿನಾಸರ ವಿಚಾರ. ಗುರುಮಠದಲ್ಲಿ ನಾವು ಅದನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದೆವು. ರಂಗರಾಯರು ಅದನ್ನು ಓದಿದ್ದರೋ ಇಲ್ಲವೋ, ಆಚರಿಸಿದ್ದಂತೂ ನಿಜ.

ಆಚಾರಕ್ಕೂ ವಿಚಾರಕ್ಕೂ ಅಂತರವಿಲ್ಲದ ಬದುಕು ಅವರದು. ಮಗಳು ರಾಧಾಬಾಯಿಯನ್ನು ಜಾತಿಯ ಗಡಿ ದಾಟಿ ಡಾ. ಪಿ. ಸುಬ್ಬರಾಯನ್ ಅವರಿಗೆ ವಿವಾಹ ಮಾಡಿಕೊಟ್ಟರು. ಸುಬ್ಬರಾಯನ್ 1926ರಿಂದ 1930ರವರೆಗೆ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿಯಾಗಿದ್ದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು. ಮುಂದೆ ಭಾರತದ ಭೂಸೇನೆಯ ಮುಖ್ಯಸ್ಥರಾದ ಜನರಲ್ ಕುಮಾರಮಂಗಲಂ ರಂಗರಾಯರ ಮೊಮ್ಮಗ.

ಇಳಿವಯಸ್ಸಿನಲ್ಲಿ, 1927ರಲ್ಲಿ, ರಂಗರಾಯರು ಸಂನ್ಯಾಸ ಸ್ವೀಕರಿಸಿ ಸ್ವಾಮಿ ಈಶ್ವರಾನಂದರಾದರು. 1928ರ ಜನವರಿ 30ರಂದು ನಿಧನರಾದರು. ತಮ್ಮ ಪಾರ್ಥಿವ ಶರೀರವನ್ನು ದಲಿತರೇ ಹೊರಬೇಕೆಂಬುದು ಅವರ ಕೊನೆಯ ಇಚ್ಛೆಯಾಗಿತ್ತು. ಶಾಲೆ ಕಲಿತ ದಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಸಾಗಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು, ಆಗ ತಮ್ಮ ಜನ್ಮ ಸಾರ್ಥಕ ಎಂಬುದು ಅವರು ಬಾಳಿನುದ್ದಕ್ಕೂ ಕಂಡ ಕನಸು. 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ಸಂದರ್ಭದಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ರಂಗರಾಯರ ಕಾರ್ಯವನ್ನು ಕಂಡು ಗೌರವಿಸಿದರು. ಇಂದು ಮಂಗಳೂರಿನ ಪುರಭವನ ಅವರ ಹೆಸರನ್ನು ಹೊತ್ತಿದೆ.

ಹೆಸರಿಡುವುದು ಸುಲಭ, ವಾಚಕರೇ, ಹೆಜ್ಜೆಯಿಡುವುದು ಕಷ್ಟ. ಐದು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ವಸತಿಹೀನರಿಗಾಗಿ ಹಗಲಿರುಳೂ ತೆರೆದಿರುವ ಆಶ್ರಯತಾಣಗಳು ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಆದೇಶಿಸಿತು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರ ಕಾಯಿದೆಯೊಂದು ಬಂದಿತು. ಅದರಂತೆ ರಾಜ್ಯದಲ್ಲಿ ಕಲ್ಯಾಣ ಮಂಡಳಿಯೂ ಇದೆ. ಆದರೆ ಇತರರ ಮನೆಗಳನ್ನು ಕಟ್ಟುವವನೇ ತನ್ನ ಹೆಸರನ್ನು ಅಲ್ಲಿ ನೋಂದಾಯಿಸಿಕೊಳ್ಳದೆ ಉಳಿದಿದ್ದರೆ, ಆ ಕಾಯಿದೆ ಅವನ ಪಾಲಿಗೆ 1843ರ ಶಾಸನದಂತೆಯೇ ಬರಿಯ ಕಾಗದ. ನಡುವೆ ನಿಂತು ಅರ್ಜಿ ಬರೆದುಕೊಡುವ ಒಬ್ಬ ರಂಗರಾಯ ಅವನಿಗೆ ಬೇಕು.

ಈ ವರ್ಷ ನಮ್ಮ ಧರ್ಮಕೇಂದ್ರದಲ್ಲಿ ಒಂದು ಸಣ್ಣ ಆರಂಭ ಮಾಡಬೇಕೆಂದಿದ್ದೇವೆ. ಕಂಬಳಿ ಹಂಚುವುದನ್ನು ನಿಲ್ಲಿಸುವುದಿಲ್ಲ. ಆದರೆ ಕಂಬಳಿಯೊಂದಿಗೆ ಒಂದು ಪುಸ್ತಕವನ್ನೂ ಪೆನ್ನನ್ನೂ ಕೊಂಡೊಯ್ಯುತ್ತೇವೆ. ಶೆಡ್ಡಿನಲ್ಲಿರುವವರ ಹೆಸರು, ಊರು, ಶಾಲೆ ಬಿಟ್ಟ ಮಕ್ಕಳು, ಇರುವ ಮತ್ತು ಇಲ್ಲದ ಗುರುತಿನ ಪತ್ರಗಳು, ನೆಲದ ಮಾಲೀಕರು ಕೆಲಸ ಆರಂಭಿಸುವ ತಿಂಗಳು, ಇವೆಲ್ಲವನ್ನೂ ಬರೆದುಕೊಳ್ಳುತ್ತೇವೆ. ಕಾರ್ಮಿಕ ಮಂಡಳಿಯ ನೋಂದಣಿಗೆ ನೆರವಾಗಲು ನಿವೃತ್ತ ಗುಮಾಸ್ತರೊಬ್ಬರು ಒಪ್ಪಿದ್ದಾರೆ. ನೆರೆಹೊರೆಯ ದೇವಸ್ಥಾನದ ಸಮಿತಿಯವರನ್ನೂ ಮಸೀದಿಯ ಹಿರಿಯರನ್ನೂ ಬಡಾವಣೆಯ ಸಂಘದವರನ್ನೂ ಕರೆದು ಒಂದೇ ಮೇಜಿನ ಸುತ್ತ ಕೂರಿಸಬೇಕೆಂದಿದ್ದೇವೆ. ತಾಯಿ ಅನ್ನಪೂರ್ಣೆಯ ಹೆಸರು ಹೊತ್ತ ಈ ನಗರದಲ್ಲಿ ಅನ್ನವಿಟ್ಟವರಿಗೆ ಕೊರತೆಯಿಲ್ಲ. ನೆಲೆಯ ಮಾತಿಗೂ ಜನ ಕೂಡಿಯಾರೆಂಬ ಭರವಸೆ ನಮಗಿದೆ.

ಬೆತ್ಲೆಹೇಮಿನ ಛತ್ರದಲ್ಲಿ ಸ್ಥಳ ಸಿಗದೆ ಪ್ರಭು ಯೇಸುವನ್ನು ಗೋದಲಿಯಲ್ಲಿ ಮಲಗಿಸಿದರೆಂಬುದನ್ನು ನಾವು ಪ್ರತಿ ಕ್ರಿಸ್ಮಸ್ಸಿಗೂ ಬೋಧಿಸುತ್ತೇವೆ. ಆ ಗೋದಲಿಯ ನೆಲ ಯಾರದು, ಮರುದಿನ ಆ ಕುಟುಂಬ ಎಲ್ಲಿಗೆ ಹೋಗಬೇಕು ಎಂದು ವಿಚಾರಿಸುವವರು ನಮ್ಮಲ್ಲಿ ಹೆಚ್ಚಲಿ. ಮುಂದಿನ ಬಾರಿ ಪಾಯ ತೋಡುವ ಮುನ್ನವೇ ನಾವು ಅಲ್ಲಿಗೆ ತಲುಪಿರುವಂತಾಗಲಿ ಎಂಬುದೇ ನಮ್ಮ ಪ್ರಾರ್ಥನೆ.