ನಮ್ಮ ಅಂಚೆಚೀಟಿಯಲ್ಲಿ ಕಾಣದ ಚಕ್ರವರ್ತಿ

ನನ್ನ ನಾನಾ ಅವರ ಹಳೆಯ ಸ್ಟಾಂಪ್ ಆಲ್ಬಂ ಈಗ ನನ್ನ ಬಳಿ ಇದೆ. ಅದರಲ್ಲಿ ಐದನೇ ಜಾರ್ಜ್ ಮುಗಿದ ಕೂಡಲೇ ಆರನೇ ಜಾರ್ಜ್ ಶುರುವಾಗುತ್ತಾನೆ. ಇವರಿಬ್ಬರ ನಡುವೆ ಇನ್ನೊಬ್ಬ ಚಕ್ರವರ್ತಿ ಇದ್ದ ಎಂದು ಇತಿಹಾಸದ ಪುಸ್ತಕದಲ್ಲಿ ಓದಿದಾಗ, ಆಲ್ಬಂನ ಹಾಳೆ ಯಾವುದೋ ಹರಿದುಹೋಗಿರಬೇಕು ಎಂದುಕೊಂಡೆ. ಹಾಳೆ ಹರಿದಿರಲಿಲ್ಲ. ಎಂಟನೇ ಎಡ್ವರ್ಡ್‌ನ ಮುಖವಿರುವ ಅಂಚೆಚೀಟಿ ಭಾರತದಲ್ಲಿ ಹೊರಬರಲೇ ಇಲ್ಲ.

ಎಡ್ವರ್ಡ್ ಹುಟ್ಟಿದ್ದು 1894ರ ಜೂನ್ 23ರಂದು, ಲಂಡನ್ ಬಳಿಯ ರಿಚ್ಮಂಡ್‌ನಲ್ಲಿ. ಏಳು ಹೆಸರು ಇಟ್ಟಿದ್ದರು. ಮನೆಯವರು ಕೊನೆಯ ಹೆಸರು ಹಿಡಿದು ಡೇವಿಡ್ ಎಂದು ಕರೆಯುತ್ತಿದ್ದರು. ತಂದೆ ಐದನೇ ಜಾರ್ಜ್ ಬಹಳ ಶಿಸ್ತಿನ ಮನುಷ್ಯ, ಮಗನಿಗೆ ಆ ಶಿಸ್ತು ಹಿಡಿಸುತ್ತಿರಲಿಲ್ಲ. ಮೊದಲನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿದರೂ, ಪಟ್ಟಕ್ಕೆ ಬರುವವನು ಶತ್ರುಗಳ ಕೈಗೆ ಸಿಕ್ಕಿಬಿದ್ದರೆ ಕಷ್ಟ ಎಂದು ಅವನನ್ನು ಎದುರು ಸಾಲಿನಲ್ಲಿ ಕಾದಾಡಲು ಬಿಡಲಿಲ್ಲ. ಆದರೂ ಕಂದಕಗಳಿಗೆ ಹೋಗಿ ಸೈನಿಕರನ್ನು ನೋಡಿ ಬರುತ್ತಿದ್ದ. ಜನರಿಗೆ ಅವನು ಇಷ್ಟವಾದದ್ದು ಅಲ್ಲಿಂದ.

1921ರ ನವೆಂಬರ್ 17ರಂದು ಯುವರಾಜನಾಗಿ ಮುಂಬಯಿಗೆ ಬಂದಿಳಿದ. ಅದು ಖಿಲಾಫತ್ ಮತ್ತು ಅಸಹಕಾರ ಚಳವಳಿಗಳ ಕಾಲ. ಹಿಂದೂ ಮುಸ್ಲಿಮರು ಒಟ್ಟಾಗಿ ಈ ಭೇಟಿಯನ್ನು ಬಹಿಷ್ಕರಿಸಿದರು, ಹರತಾಳ ನಡೆಯಿತು. ಮುಂಬಯಿಯಲ್ಲಿ ಬಹಿಷ್ಕಾರ ಗಲಭೆಗೆ ತಿರುಗಿ ಪ್ರಾಣಹಾನಿ ಆದಾಗ ಗಾಂಧೀಜಿ ಉಪವಾಸ ಕೂತರು. ಯುವರಾಜ 1922ರ ಜನವರಿಯಲ್ಲಿ ಬೆಂಗಳೂರಿಗೂ ಮೈಸೂರಿಗೂ ಬಂದಿದ್ದ. ಆಗ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಆಳುತ್ತಿದ್ದರು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರಸ್ತೆಯೂ ರೈಲೂ ಅಂದಿಗೂ ನಮ್ಮ ರಾಮನಗರ, ಚನ್ನಪಟ್ಟಣಗಳ ಮೇಲೆಯೇ. ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಎಂಬ ಹೆಸರು.

1936ರ ಜನವರಿ 20ರಂದು ತಂದೆ ತೀರಿಕೊಂಡರು. ಎಡ್ವರ್ಡ್ ದೊರೆಯಾದ, ಭಾರತದ ಚಕ್ರವರ್ತಿಯೂ ಆದ. ರಾಜ ಬದಲಾದರೆ ನಾಣ್ಯ, ಅಂಚೆಚೀಟಿ ಎಲ್ಲದರ ಮೇಲಿನ ಮುಖವೂ ಬದಲಾಗಬೇಕು. ನಾಣ್ಯದ ವಿಷಯದಲ್ಲಿ ಬ್ರಿಟನ್ನಿನಲ್ಲಿ ಒಂದು ಹಳೆಯ ರೂಢಿ ಇತ್ತು: ಒಬ್ಬ ರಾಜ ಎಡಕ್ಕೆ ನೋಡಿದರೆ ಮುಂದಿನವನು ಬಲಕ್ಕೆ ನೋಡಬೇಕು. ಎಡ್ವರ್ಡ್‌ನದು ಬಲಕ್ಕೆ ನೋಡುವ ಸರದಿ. ಆದರೆ ಬೈತಲೆ ಇರುವ ಎಡಬದಿಯೇ ತನಗೆ ಚೆಂದ ಎಂದು ಹಟ ಹಿಡಿದ. ಟಂಕಸಾಲೆಯವರು ಒಪ್ಪಿ ಮಾದರಿ ನಾಣ್ಯಗಳನ್ನು ಹಾಗೆಯೇ ಮಾಡಿದರು. ಅವು ಚಲಾವಣೆಗೆ ಬರುವ ಹೊತ್ತಿಗೆ ರಾಜನೇ ಇರಲಿಲ್ಲ.

ಅಂಚೆಚೀಟಿಯ ಕಥೆ ಇನ್ನೂ ಸ್ವಾರಸ್ಯವಾಗಿದೆ, ವಿಶೇಷವಾಗಿ ನಮ್ಮ ವಯಸ್ಸಿನವರಿಗೆ. ಇಂಗ್ಲೆಂಡಿನ ಟಾರ್ಕೀ ಊರಿನ ಹ್ಯೂಬರ್ಟ್ ಬ್ರೌನ್ ಎಂಬ 18ರ ಹುಡುಗ ಯಾರೂ ಕೇಳದಿದ್ದರೂ ತಾನೇ ಒಂದು ವಿನ್ಯಾಸ ಮಾಡಿ ಅಂಚೆ ಇಲಾಖೆಗೆ ಕಳಿಸಿದ. ಬಳ್ಳಿ, ಹೂವು, ಚೌಕಟ್ಟು ಏನೂ ಇಲ್ಲ. ರಾಜನ ಮುಖ, ಒಂದು ಕಿರೀಟ, ಬೆಲೆ, ಇಷ್ಟೇ. ಹೆಸರಾಂತ ಕಲಾವಿದರ ವಿನ್ಯಾಸಗಳೂ ಮೇಜಿನ ಮೇಲಿದ್ದವು. ಆದರೆ 1936ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಚೀಟಿ ಬ್ರೌನ್ ಕಳಿಸಿದ ಹಾಗೆಯೇ ಇತ್ತು, ಅವನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಹುಡುಗನ ಕಡೆಯವರು ಕೇಳಿದ ಮೇಲೆ ಇಲಾಖೆ ಒಪ್ಪಿಕೊಂಡಿತು. ಕೇಳದಿದ್ದರೆ? ಇಂದು ಯಾರೂ ಅವನ ಹೆಸರು ಬರೆಯುತ್ತಿರಲಿಲ್ಲ.

ಬ್ರಿಟನ್ನಿನಲ್ಲಿ ಬಂದದ್ದು ನಾಲ್ಕೇ ಬೆಲೆಯ ಚೀಟಿಗಳು. ಉಳಿದವು ಇನ್ನೂ ಸಿದ್ಧತೆಯಲ್ಲಿದ್ದವು. 1937ರ ಮೇ 12ಕ್ಕೆ ನಿಗದಿಯಾಗಿದ್ದ ಪಟ್ಟಾಭಿಷೇಕಕ್ಕೂ ಚೀಟಿಗಳ ಯೋಚನೆ ನಡೆದಿತ್ತು. ಆಸ್ಟ್ರೇಲಿಯಾ ಒಂದು ಹೆಜ್ಜೆ ಮುಂದೆ ಹೋಗಿ ಎರಡು ಪೆನ್ನಿಯ ಚೀಟಿಯನ್ನು ಅಚ್ಚು ಹಾಕಿಸಿಯೇ ಬಿಟ್ಟಿತ್ತು.

ಇತ್ತ ರಾಜನ ಮನಸ್ಸು ಬೇರೆಡೆ ಇತ್ತು. ವಾಲಿಸ್ ಸಿಂಪ್ಸನ್ ಎಂಬ ಅಮೆರಿಕದ ಮಹಿಳೆಯನ್ನು ಮದುವೆಯಾಗಬೇಕೆಂದು ನಿರ್ಧರಿಸಿದ್ದ. ಆಕೆ ಒಮ್ಮೆ ವಿಚ್ಛೇದನ ಪಡೆದಿದ್ದರು, ಎರಡನೆಯದು ಕೋರ್ಟಿನಲ್ಲಿತ್ತು. ವಿಚ್ಛೇದಿತರ ಮರುಮದುವೆಯನ್ನು ಇಂಗ್ಲೆಂಡಿನ ಚರ್ಚ್ ಆಗ ಒಪ್ಪುತ್ತಿರಲಿಲ್ಲ, ಆ ಚರ್ಚಿಗೆ ರಾಜನೇ ಮುಖ್ಯಸ್ಥ. ಪ್ರಧಾನಿ ಸ್ಟಾನ್ಲಿ ಬಾಲ್ಡ್ವಿನ್ ಒಪ್ಪಲಿಲ್ಲ. 1936ರ ಡಿಸೆಂಬರ್ 10ರಂದು ಎಡ್ವರ್ಡ್ ಪದತ್ಯಾಗದ ಪತ್ರಕ್ಕೆ ಸಹಿ ಹಾಕಿದ. ಮರುದಿನ ಅವನ ತಮ್ಮ ಆರನೇ ಜಾರ್ಜ್ ದೊರೆಯಾದ. ಒಂದು ವರ್ಷವೂ ತುಂಬದ ಆಳ್ವಿಕೆ ಅದು.

ಆಸ್ಟ್ರೇಲಿಯಾದ ಚೀಟಿಗಳನ್ನೆಲ್ಲ ನಾಶ ಮಾಡಲು ಆದೇಶವಾಯಿತು. ಆದರೆ ಕ್ವೀನ್ಸ್‌ಲ್ಯಾಂಡಿನ ಗವರ್ನರ್ ಸರ್ ಲೆಸ್ಲಿ ವಿಲ್ಸನ್ ಅವರು ಸೆಪ್ಟೆಂಬರ್‌ನಲ್ಲಿ ಅಚ್ಚುಕೂಟ ನೋಡಲು ಹೋದಾಗ ಒಂದು ಹಾಳೆಗೆ ಸಹಿ ಮಾಡಿದ್ದರು. ಅದರಿಂದ ಆರು ಚೀಟಿಗಳ ತುಂಡೊಂದು ಅಷ್ಟರಲ್ಲೇ ಇಂಗ್ಲೆಂಡಿನ ಒಬ್ಬ ಸಂಗ್ರಾಹಕರ ಕೈ ಸೇರಿತ್ತು. ಈ ವಿಲ್ಸನ್ ನಮಗೆ ಅಪರಿಚಿತರಲ್ಲ. 1923ರಿಂದ 1928ರವರೆಗೆ ಮುಂಬಯಿ ಪ್ರಾಂತ್ಯದ ಗವರ್ನರ್ ಆಗಿದ್ದವರು. ಧಾರವಾಡ, ಬೆಳಗಾವಿ, ಬಿಜಾಪುರಗಳು ಆಗ ಆ ಪ್ರಾಂತ್ಯದಲ್ಲೇ ಇದ್ದವು.

ಭಾರತದಲ್ಲಿ ನಾಶ ಮಾಡಲು ಅಂಥ ಚೀಟಿ ಅಂಚೆ ಕಚೇರಿಗಳಲ್ಲಿ ಇರಲಿಲ್ಲ. ಮೈಸೂರು ಸಂಸ್ಥಾನದ ಸ್ವಂತ ಅಂಚೆ 1889ರಲ್ಲೇ ಬ್ರಿಟಿಷ್ ಭಾರತದ ಅಂಚೆಗೆ ಸೇರಿಹೋಗಿತ್ತು. ಹಾಗಾಗಿ ಕನಕಪುರದಿಂದಲೋ ಮಾಗಡಿಯಿಂದಲೋ 1936ರಲ್ಲಿ ಹೊರಟ ಕಾಗದದ ಮೇಲೆ ತೀರಿಹೋದ ಐದನೇ ಜಾರ್ಜನ ಮುಖವೇ ಇರುತ್ತಿತ್ತು. ಆದರೆ ಕಚ್ ಸಂಸ್ಥಾನ ಆ ವರ್ಷದ ತನ್ನ ನಾಣ್ಯಗಳ ಮೇಲೆ ಎಡ್ವರ್ಡ್ ಹೆಸರನ್ನು ಪರ್ಷಿಯನ್ ಲಿಪಿಯಲ್ಲಿ ಹಾಕಿಸಿತು. ಮುಖವಿಲ್ಲ, ಹೆಸರಷ್ಟೇ.

ಪ್ರೇಮಕ್ಕಾಗಿ ರಾಜ್ಯ ಬಿಟ್ಟವನು ಎಂದು ಎಡ್ವರ್ಡ್‌ನನ್ನು ಹೊಗಳುವವರು ಮುಂದಿನ ಭಾಗವನ್ನು ಹೇಳುವುದಿಲ್ಲ. 1937ರ ಜೂನ್‌ನಲ್ಲಿ ಫ್ರಾನ್ಸಿನಲ್ಲಿ ಮದುವೆಯಾದ, ಅದೇ ಅಕ್ಟೋಬರ್‌ನಲ್ಲಿ ಹೆಂಡತಿಯೊಂದಿಗೆ ಜರ್ಮನಿಗೆ ಹೋಗಿ ಹಿಟ್ಲರನನ್ನು ಭೇಟಿಯಾದ. ಅದು ತಿಳಿಯದೆ ಮಾಡಿದ ತಪ್ಪು ಎಂದು ನನಗೆ ಅನಿಸುವುದಿಲ್ಲ. ಯುದ್ಧಕಾಲದಲ್ಲಿ ಬ್ರಿಟಿಷ್ ಸರ್ಕಾರ ಅವನನ್ನು ಯೂರೋಪಿನಿಂದ ದೂರದ ಬಹಾಮಾ ದ್ವೀಪಗಳಿಗೆ ಗವರ್ನರ್ ಮಾಡಿ ಕಳಿಸಿತು. ಆಮೇಲೆ ಬದುಕಿನ ಹೆಚ್ಚಿನ ಭಾಗವನ್ನು ಫ್ರಾನ್ಸಿನಲ್ಲೇ ಕಳೆದು, 1972ರ ಮೇ 28ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡ.

ನಾನಾ ಅವರ ಆಲ್ಬಂನಲ್ಲಿ ಐದನೇ ಜಾರ್ಜ್ ಆದ ಮೇಲೆ 1937ರ ಸರಣಿ ಬರುತ್ತದೆ. ಅದರಲ್ಲಿ ಎರಡಾಣೆಯ ಚೀಟಿಯೊಂದಿದೆ. ಮೂಲೆಯಲ್ಲಿ ಆರನೇ ಜಾರ್ಜನ ಸಣ್ಣ ಮುಖ, ಉಳಿದ ಜಾಗದಲ್ಲೆಲ್ಲ ಟಪಾಲು ಹೊತ್ತು ಓಡುವ ನಮ್ಮ ಓಟಗಾರ.